ಜಗಲಿಯ ಮೇಲಿನ ಔಷಧಿ ಡಬ್ಬಿ

ಶರಣ ಬಂಧುಗಳೇ, ಹೋದ ವರ್ಷ ನನ್ನ ಬಲಗಾಲಿನ ಹೆಬ್ಬೆರಳು ಕೈಬಿಟ್ಟು ಹೋಗುವುದರಲ್ಲಿತ್ತು. ಅದು ಉಳಿದ ಬಗೆಯನ್ನು ನಿಮ್ಮ ಮುಂದೆ ಹೇಳಿಕೊಳ್ಳದಿದ್ದರೆ ಉಂಡ ಅನ್ನ ಮೈಗೆ ಹತ್ತದು.

ನಾನು ಭಾಲ್ಕಿ ಕಡೆಯವನು. ನಾಶಿಕ್ ಬಳಿ ಓಝರ್‌ನ ವಿಮಾನ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಟೆಕ್ನಿಷಿಯನ್ ಆಗಿದ್ದು ನಿವೃತ್ತನಾದೆ. ಶಿವರಾತ್ರಿಗೆ ಬಸ್ಸು ಹಿಡಿದು ಸಂಭಾಜಿನಗರದ ಮಗನ ಮನೆಗೆ ಬಂದವನು, ದೌಲತಾಬಾದಿನಿಂದ ಎಲ್ಲೋರ ಗುಹೆಗಳಿರುವ ವೇರೂಳದ ಘೃಷ್ಣೇಶ್ವರನ ಗುಡಿಯವರೆಗೆ ಬರಿಗಾಲಲ್ಲಿ ನಡೆದೆ. ಮಟಮಟ ಮಧ್ಯಾಹ್ನ. ಕಾದ ಡಾಂಬರಿನ ಮೇಲೆ ಜೊತೆಯವರು ಕುಣಿಯುತ್ತ ಹೆಜ್ಜೆ ಹಾಕುತ್ತಿದ್ದರು, ನನಗೆ ಮಾತ್ರ ಏನೂ ಆಗಲಿಲ್ಲ. ಶಿವನ ಕೃಪೆ ಎಂದು ದಾರಿಯುದ್ದಕ್ಕೂ ಎಲ್ಲರಿಗೂ ಹೇಳಿದೆ. ಸಕ್ಕರೆ ಕಾಯಿಲೆಯಿಂದ ಅಂಗಾಲು ಮರಗಟ್ಟಿದೆ ಎಂದು ಡಾಕ್ಟರು ಆಮೇಲೆ ತಿಳಿಸಿದರು.

ಬೆರಳಿನಡಿ ಎದ್ದ ಬೊಬ್ಬೆ ಒಡೆದು ಹುಣ್ಣಾಯಿತು. ಮಗನ ಮನೆಯಲ್ಲೇ ಉಳಿದೆ. ಎರಡು ತಿಂಗಳಾದರೂ ಅದು ಮಾಯಲಿಲ್ಲ. ಡಾಕ್ಟರು ಸತ್ತ ಚರ್ಮ ಕೆರೆದು ತೆಗೆದು ಒಂದು ಮುಲಾಮು ಬರೆದುಕೊಟ್ಟರು. ಅದರಲ್ಲಿ ಗ್ರೋತ್ ಫ್ಯಾಕ್ಟರ್ ಎಂಬ ಪ್ರೋಟೀನ್ ಇದೆಯಂತೆ. ಸುಮ್ಮನೆ ಕೂತ ಗಾಯಕ್ಕೆ ಅದು ಜೀವಕೋಶಗಳನ್ನು ಕರೆತಂದು ಹೊಸ ಮಾಂಸ ಬೆಳೆಸುವ ಕೆಲಸಕ್ಕೆ ಹಚ್ಚುತ್ತದಂತೆ. ಕಾರ್ಖಾನೆಯಲ್ಲಿ ಪಾಳಿಗೆ ಸೈರನ್ ಕೂಗಿದ ಹಾಗೆ ಎಂದು ಅರ್ಥ ಮಾಡಿಕೊಂಡೆ. ಬಿಸಿಗೆ ಕೆಡುತ್ತದೆ, ಫ್ರಿಜ್‌ನಲ್ಲೇ ಇಡಿ ಎಂದು ಅವರು ಎರಡು ಸಲ ಹೇಳಿದರು.

ಫ್ರಿಜ್ ತೆರೆದರೆ ಬಾಗಿಲಲ್ಲೇ ಮಗನ ಮೊಟ್ಟೆಗಳು. ಲಿಂಗ ಕಟ್ಟಿಕೊಂಡ ನಾನು ಮೈಗೆ ಹಚ್ಚುವ ಔಷಧಿಯನ್ನು ಮೊಟ್ಟೆಯ ಮಗ್ಗುಲಲ್ಲಿ ಇಡುವುದೇ? ಯಾರಿಗೂ ಹೇಳದೆ ಟ್ಯೂಬನ್ನು ಅದರ ರಟ್ಟಿನ ಡಬ್ಬಿ ಸಮೇತ ದೇವರ ಜಗಲಿಯ ಮೇಲೆ, ದೀಪಕ್ಕೆ ತಾಗಿ ಇಟ್ಟೆ. ಕೆಲಸದಲ್ಲಿದ್ದಾಗ, ವಿಮಾನದ ಭಾಗ ಕೂಡಿಸುವ, ಬಿಸಿಗೆ ಕೆಡುವ ಅಂಟಿನ ಡಬ್ಬ ಒಂದು ಗಂಟೆ ಕೋಲ್ಡ್ ರೂಮಿನ ಹೊರಗುಳಿದರೆ ಕೈಕೆಳಗಿನವರ ಜೀವ ತಿನ್ನುತ್ತಿದ್ದವನು ನಾನೇ. ದಿನಾ ಪೂಜೆ ಮುಗಿಸಿ, ಡಬ್ಬಿಗೆ ವಿಭೂತಿ ಹಚ್ಚಿ, ಮುಲಾಮು ಸವರಿ ಪಟ್ಟಿ ಕಟ್ಟಿಕೊಳ್ಳುತ್ತಿದ್ದೆ.

ಮೂರು ವಾರ ಕಳೆದರೂ ಹುಣ್ಣು ಇದ್ದಷ್ಟೇ ಇತ್ತು. ಡಾಕ್ಟರು ಇನ್ನೊಂದು ಟ್ಯೂಬು ಬರೆದು, ತಿಂಗಳೊಳಗೆ ಮಾಯದಿದ್ದರೆ ಬೆರಳು ತೆಗೆಯಬೇಕಾದೀತು ಎಂದರು. ರಿಕ್ಷಾದಲ್ಲಿ ಕೂತು ಅತ್ತೆ. ಇಂದು ಬೆರಳು, ನಾಳೆ ಪಾದ ಎಂಬ ಭಯ. ಮನೆಗೆ ಬಂದು ಜಗಲಿಯ ಮುಂದೆ ಕುಳಿತು, ನನ್ನ ಕೈಲಾಗದು, ಯಾರನ್ನಾದರೂ ಕಳಿಸು ತಂದೆ ಎಂದು ಬೇಡಿದೆ.

ಮರುದಿನ ಹೊಸ ಟ್ಯೂಬು ತಂದು, ಪಟ್ಟಿ ಕಟ್ಟುವ ಕೆಲಸವನ್ನು ಸೊಸೆ ಮನೀಷಾ ವಹಿಸಿಕೊಂಡಳು. ಚಾಂದವಡದ ಮರಾಠಿ ಹುಡುಗಿ, ನಮ್ಮ ಕನ್ನಡ ಕಲಿತಿದ್ದಾಳೆ. ಔಷಧಿ ದೇವರ ಮುಂದೆಯೇ ಇರಬೇಕೆಂದು ಷರತ್ತು ಹಾಕಿದೆ. ಆಗಲಿ ಎಂದಳು. ಹುಣ್ಣು ನೋಡುವ ಧೈರ್ಯ ಉಳಿದಿರಲಿಲ್ಲ. ಅವಳು ಕಟ್ಟುವಾಗ ನಾನು ಕಣ್ಣು ಮುಚ್ಚಿ ಪಂಚಾಕ್ಷರಿ ಜಪಿಸುತ್ತಿದ್ದೆ.

ಹತ್ತು ದಿನಕ್ಕೆ ಕೆಂಪು ಮಾಂಸ ಕಂಡಿತು. ತಿಂಗಳು ತುಂಬುವಷ್ಟರಲ್ಲಿ ಹುಣ್ಣಿನ ಬಾಯಿ ಕೂಡಿತು. ಇನ್ನು ಬೆರಳಿಗೆ ಭಯವಿಲ್ಲ ಎಂದರು ಡಾಕ್ಟರು. ದೇವರ ಮುಂದಿಟ್ಟ ಔಷಧಿಯ ಮಹಿಮೆಯನ್ನು ಅವರಿಗೆ ವಿವರಿಸಿ ಬಂದೆ.

ಮನೆಗೆ ಬಂದು, ಸೆಖೆಯೆಂದು ಫ್ಯಾನು ಹಾಕಿದೆ. ಜಗಲಿಯ ಮೇಲಿದ್ದ ಡಬ್ಬಿ ಹಾರಿ ಬಂದು ತೊಡೆಯ ಮೇಲೆ ಬಿತ್ತು. ಒಳಗೆ ಏನೂ ಇರಲಿಲ್ಲ.

ಸೊಸೆಯನ್ನು ಕರೆದು ಕೇಳಿದೆ. ಹೊಸ ಟ್ಯೂಬು ತಂದ ದಿನವೇ ಡಬ್ಬಿಯ ಮೇಲಿನ ಸೂಚನೆ ಓದಿ, ಟ್ಯೂಬನ್ನು ಮೊಟ್ಟೆಗಳ ನಡುವೆ ಸೇರಿಸಿ, ಬರೀ ಡಬ್ಬಿಯನ್ನು ಜಗಲಿಗೆ ಇಟ್ಟಿದ್ದಳಂತೆ.

"ಒಂದ್ ತಿಂಗಳ ಖಾಲಿ ಡಬ್ಬಿಗಿ ಪೂಜಾ ಮಾಡ್ಸಿದೇನವ್ವಾ ನನ್ ಕಡಿಂದ?" ಎಂದೆ.

ಅವಳು ತಲೆ ತಗ್ಗಿಸಿ, "ಬಾಬಾ, ನೀವ್ ಪೂಜಾ ದೇವ್ರಿಗಿ ಮಾಡೀರಿ. ಡಬ್ಬಿಗಿ ಎಲ್ಲಿ ಮಾಡೀರಿ?" ಎಂದಳು.

ನಗು ಬಂತು, ಅದರ ಹಿಂದೆಯೇ ಅಳುವೂ ಬಂತು. ಡಾಕ್ಟರ ಮಾತು ಕೇಳದ ನನಗೋಸ್ಕರ, ಕೇಳುವವಳೊಬ್ಬಳನ್ನು ಶಿವ ಐದು ವರ್ಷ ಮೊದಲೇ ಮನೆಗೆ ಕಳಿಸಿದ್ದ. ಬಂಧುಗಳೇ, ನಿಮ್ಮಲ್ಲಿ ಮುಚ್ಚಿಡುವುದೇನು? ಪರಜಾತಿಯ ಆ ಹುಡುಗಿ ನನ್ನ ಸೊಸೆಯಾಗದಿರಲಿ ಎಂದು ಇದೇ ಶಿವನಿಗೆ ನಾನು ಇಪ್ಪತ್ತೊಂದು ಸೋಮವಾರ ಉಪವಾಸ ಮಾಡಿದ್ದೆ. ಆ ಮೊರೆಯನ್ನು ಕೇಳಿಯೂ ಕೇಳದಂತೆ ಇದ್ದುಬಿಟ್ಟ ತಂದೆಗೆ ಕೋಟಿ ಶರಣು.