ಸಿಡಿಲುಗಲ್ಲಿನ ಹಡಗು, ಬೆಟ್ಟಮ್ಮನ ಮಿಲ್ಲು

ಪೂರಿಗಾಲಿಯ ಬೆಟ್ಟಮ್ಮ ಯಾರನ್ನೂ ನಂಬುವ ಪೈಕಿಯಲ್ಲ. ರಾಗಿ ಬೀಸಿಸಲು ಬಂದವರು ಚೀಲ ಇಳಿಸುವ ಮುಂಚೆಯೇ ಕೈಹಾಕಿ ಕಲ್ಲಿದೆಯೇ ಎಂದು ನೋಡುತ್ತಾಳೆ. ಲೈನ್‌ಮನ್ ಫೋನು ಮಾಡಿ ಈಗ ಕರೆಂಟು ತೆಗೆಯುತ್ತೇವೆ ಎಂದರೆ, ತೆಗೆಯುವ ತನಕ ನಂಬುವುದಿಲ್ಲ, ತೆಗೆದ ಮೇಲೂ ನಂಬುವುದಿಲ್ಲ. ಅವಳ ಸೊಂಟದಲ್ಲಿ ಎಲೆಅಡಿಕೆ ಚೀಲದ ಜೊತೆ ಒಂದು ಟೆಸ್ಟರು ಸದಾ ಇರುತ್ತದೆ. ತಾನೇ ಕೈಯಾರೆ ಆರಿಸಿದ ಸ್ವಿಚ್ಚಿಗೂ ಟೆಸ್ಟರು ತಾಗಿಸಿ, ಅದರೊಳಗಿನ ಪುಟ್ಟ ದೀಪ ಹತ್ತಲಿಲ್ಲ ಎಂದು ಖಾತ್ರಿಯಾದ ಮೇಲೇ ಮಿಲ್ಲಿನ ಬೆಲ್ಟಿಗೆ ಕೈಯಿಡುವುದು. ಊರಿನವರು ನಗುತ್ತಾರೆ. ನಗಲಿ. ನಕ್ಕವರಲ್ಲಿ ಯಾರೂ ಗಂಡನ ಹೆಣವನ್ನು ಕರೆಂಟು ಕಂಬದಿಂದ ಇಳಿಸಿಕೊಂಡವರಲ್ಲ.

ಮಾದಯ್ಯ ಸತ್ತು ಇಪ್ಪತ್ತು ವರ್ಷದ ಮೇಲಾಯಿತು. ನಾಲೆ ಏರಿಯ ಪಕ್ಕದ ಟ್ರಾನ್ಸ್‌ಫಾರ್ಮರಿನಲ್ಲಿ ಫ್ಯೂಸು ಹೋದರೆ ಲೈನ್‌ಮನ್‌ಗಾಗಿ ಕಾಯುವ ತಾಳ್ಮೆ ಆಗ ಯಾರಿಗೂ ಇರಲಿಲ್ಲ. ಗಂಡಸರೇ ಹತ್ತಿ ತಂತಿ ಸುತ್ತಿ ಇಳಿಯುತ್ತಿದ್ದರು. ಅವತ್ತು ಮಾದಯ್ಯ ಹತ್ತಿದ. ಹತ್ತುವ ಮುಂಚೆ, ಏರಿಯ ಮೇಲೆ ನಿಂತಿದ್ದ ಕೆಂಪಸಿದ್ದಯ್ಯ, "ಕರೆಂಟಿಲ್ಲ ಕಣಣ್ಣೋ, ಮೇಲಕ್ಕೋಗು" ಎಂದು ಕೂಗಿದ್ದನ್ನು ಗದ್ದೆಯಲ್ಲಿದ್ದ ಹೆಂಗಸರು ಕೇಳಿಸಿಕೊಂಡಿದ್ದರು. ಕರೆಂಟಿತ್ತು.

ಊರೆಲ್ಲ ಸೇರಿ ಕೇಳಿದಾಗ ಕೆಂಪಸಿದ್ದಯ್ಯ ತಲೆ ತಗ್ಗಿಸಿ "ನಂದೇ ತಪ್ಪು" ಎಂದನೇ ಹೊರತು ಇನ್ನೊಂದು ಮಾತಾಡಲಿಲ್ಲ. ಅಷ್ಟಕ್ಕೇ ಬಾಯಿ ಮುಚ್ಚಿಕೊಂಡವನ ಹೊಟ್ಟೆಯಲ್ಲಿ ಇನ್ನೇನೋ ಇದೆ ಎಂದು ಬೆಟ್ಟಮ್ಮನಿಗೆ ಅನುಮಾನ. ಇಬ್ಬರ ಹೊಲಕ್ಕೂ ಬದು ಒಂದೇ, ಆ ಬದುವಿನ ಮೇಲೆ ಒಂದು ಸಣ್ಣ ತಕರಾರೂ ಇತ್ತು. ಬೇಕೆಂದೇ ಕೂಗಿದನೇ? ಇದೊಂದನ್ನು ತಿಳಿಯದೆ ಕಣ್ಣು ಮುಚ್ಚುವುದಿಲ್ಲ ಎಂದು ಅವಳು ಹಟ ಹಿಡಿದಳು. ಅಂದಿನಿಂದ ಅವನ ಮನೆಯ ರಾಗಿ ಅವಳ ಮಿಲ್ಲಿಗೆ ಬಿದ್ದಿಲ್ಲ. ಅವನು ಸೈಕಲ್ಲಿಗೆ ಚೀಲ ಹೇರಿಕೊಂಡು ಪಕ್ಕದೂರಿಗೆ ತುಳಿಯುವುದನ್ನು ಬಾಗಿಲಲ್ಲಿ ನಿಂತು ನೋಡುತ್ತಾಳೆ. ಹಾಗೆ ನೋಡುವುದರಲ್ಲಿ ಒಂದು ಸಮಾಧಾನವೂ ಇತ್ತು ಎಂದರೆ ಸುಳ್ಳಲ್ಲ.

ಈ ಬೇಸಿಗೆ ರಜೆಯಲ್ಲಿ ಕೆಂಪಸಿದ್ದಯ್ಯನ ಮಗ ಸ್ವರೂಪ್ ಅವಳ ಬಾಗಿಲಿಗೇ ಬಂದ. ಮಳವಳ್ಳಿಯ ಶಾಲೆಯೊಂದರಲ್ಲಿ ವಿಜ್ಞಾನದ ಮೇಷ್ಟ್ರು. ಊರಿನ ಮಕ್ಕಳಿಂದ ನಾಟಕ ಆಡಿಸುತ್ತಾನಂತೆ, ಅಭ್ಯಾಸಕ್ಕೆ ಮಿಲ್ಲಿನ ಮುಂದಿನ ಶೆಡ್ಡು ಬೇಕಂತೆ. ಬೆಟ್ಟಮ್ಮ ಬೈದು ಕಳಿಸುವವಳೇ. ಆದರೆ ಅವಳ ಮನೆಯಲ್ಲೇ ಇದ್ದು ಓದುತ್ತಿದ್ದ ಹಿರಿಮಗಳ ಮಗಳು ದೀಪಿಕ ಕಾಲು ಹಿಡಿದುಕೊಂಡಳು. ಕೆಂಪಸಿದ್ದಯ್ಯನ ಮಗ ಕಣ್ಣೆದುರಿಗೇ ಇರುವುದು ಒಳ್ಳೆಯದೇ ಎಂದು ಲೆಕ್ಕ ಹಾಕಿ ಬೆಟ್ಟಮ್ಮ ಒಪ್ಪಿದಳು.

ನಾಟಕ ಕಡಲುಗಳ್ಳರದ್ದು. ಗಾಳಿಯೇ ಬೀಸದ ಒಂದು ಸಮುದ್ರ. ಅಲ್ಲಿ ಹಾಯಿ ಕಟ್ಟಿ ಪ್ರಯೋಜನವಿಲ್ಲ. ಹಡಗುಗಳೆಲ್ಲ ಸಿಡಿಲುಗಲ್ಲಿನಿಂದ ಓಡುತ್ತವೆ. ಎತ್ತರದ ಕಂಬ ಸಿಡಿಲನ್ನು ಹಿಡಿದು ಹಡಗಿನ ಹೊಟ್ಟೆಯೊಳಗಿನ ಕಲ್ಲಿಗೆ ಇಳಿಸುತ್ತದೆ, ಕಲ್ಲಿನಿಂದ ತಾಮ್ರದ ತಂತಿ ಹೊರಟು ಚಕ್ರ ತಿರುಗಿಸುತ್ತದೆ, ದೀಪ ಉರಿಸುತ್ತದೆ. ಸಿಡಿಲುಗಲ್ಲಿಗೆಂದು ಸ್ವರೂಪ್ ಮೂಲೆಯಲ್ಲಿ ಬಿದ್ದಿದ್ದ ಸವೆದ ಬೀಸುವ ಕಲ್ಲಿಗೆ ಬೆಳ್ಳಿ ಕಾಗದ ಸುತ್ತಿದ. ನನ್ನ ಕಲ್ಲು ಎತ್ತಿಕೊಂಡು ಹೋಗುವುದಕ್ಕೇ ಇಷ್ಟು ದೊಡ್ಡ ನಾಟಕವೋ ಏನೋ ಎಂದು ಬೆಟ್ಟಮ್ಮ ಮೊರ ಹಿಡಿದುಕೊಂಡು ಅಲ್ಲೇ ಕೂತಳು.

"ಈ ಕಲ್ಲಿಗೆ ಮೀಟ್ರು ಎಲ್ಲೈತ್ಲಾ?" ಎಂದು ಸ್ವರೂಪನನ್ನು ಕೇಳಿದಳು.

"ಕಡಲುಗಳ್ರಿಗೆ ಎಲ್ಲಿ ಮೀಟ್ರು ದೊಡ್ಡವ್ವ? ಆಕಾಸದ್ದು, ಬಿಟ್ಟಿ."

"ಬಿಟ್ಟಿ ಕರೆಂಟು ಅನ್ನೋದೇ ಇಲ್ಲ ಕಣ್ಲಾ. ಯಾರೋ ಒಬ್ರು ಕಟ್ಟೇ ಕಟ್ತಾರೆ."

ಮಕ್ಕಳು ನಕ್ಕರು. ಬೆಟ್ಟಮ್ಮ ನಗಲಿಲ್ಲ.

ರಾಜನ ಸೈನ್ಯ ಅಟ್ಟಿಸಿಕೊಂಡು ಬರುವಾಗ ಹಡಗಿನ ಚಕ್ರ ನಿಲ್ಲುವ ದೃಶ್ಯ ಬಂತು. ಕಲ್ಲಿನ ಪೆಟ್ಟಿಗೆಯ ಬಾಯಲ್ಲೇ ತಂತಿ ತುಂಡಾಗಿದೆ. ಕಲ್ಲು ಕಾಯುವವನು ಅದನ್ನು ಕಟ್ಟಬೇಕು. ಕಲ್ಲಿನಲ್ಲಿ ಇನ್ನೂ ಸಿಡಿಲಿದೆಯೋ ಇಲ್ಲವೋ ಎಂದು ಏಣಿಯ ಮೇಲಿನವನನ್ನು ಕೇಳುತ್ತಾನೆ. ಏಣಿಯವನು ಅಡುಗೆಕೋಣೆಯತ್ತ ತಿರುಗಿ, "ದೀಪ ಉರೀತದಾ?" ಎಂದು ಕೂಗುತ್ತಾನೆ. ಅಡುಗೆಯವಳು ಈರುಳ್ಳಿ ಹೆಚ್ಚುತ್ತಾ "ಇಲ್ಲ ಕಣಯ್ಯೋ" ಎನ್ನುತ್ತಾಳೆ. ದೀಪ ಆರಿದ್ದು ತಂತಿ ತುಂಡಾಗಿದ್ದಕ್ಕೆ. ಕಲ್ಲಿನೊಳಗೆ ಸಿಡಿಲು ಹಾಗೇ ಇದೆ. ಏಣಿಯವನು "ಇಲ್ವಂತೆ, ಕೈಯಾಕು" ಎನ್ನುತ್ತಾನೆ. ಕಲ್ಲು ಕಾಯುವವನು ಕೈ ಹಾಕುತ್ತಾನೆ. ಮಕ್ಕಳು ಹಿಡಿ ಹಿಟ್ಟು ತೂರಿ ಸಿಡಿಲು ಮಾಡಿದರು.

ಬೆಟ್ಟಮ್ಮನ ಕೈಯಿಂದ ಮೊರ ಬಿತ್ತು. ಎದ್ದು ಹೋಗಿ ಸ್ವರೂಪನ ರಟ್ಟೆ ಹಿಡಿದು ಹೊರಗೆ ಎಳೆದುಕೊಂಡು ಬಂದಳು.

"ಇದು ನನ್ ಗಂಡನ ಸಾವು. ನಿಮ್ಮಪ್ಪ ಏಳ್ಕೊಟ್ನಾ?"

ಸ್ವರೂಪ್ ಕೈಯಲ್ಲಿದ್ದ ನಾಟಕದ ಹಾಳೆಗಳನ್ನು ಮಡಚಿದ. "ಅಪ್ಪ ಒಂದೇ ಒಂದ್ಸಲ ಬಾಯಿಬುಟ್ಟಿದ್ದು ದೊಡ್ಡವ್ವ. ತಾನೇ ಸುಮ್ಕೆ ಕೂಗ್ನಿಲ್ವಂತೆ, ಯಾರ್ನೋ ಕೇಳಿದ್ನಂತೆ, ಅವ್ರು ಇಲ್ಲ ಅಂದ್ರಂತೆ. ಯಾರು ಅಂತ ಎಷ್ಟ್ ಕೇಳಿದ್ರೂ ಏಳ್ನಿಲ್ಲ. ನಿಂಗ್ ನೋವಾಯ್ತದೆ ಅಂತ ನಂಗೆ ಒಳೀನಿಲ್ಲ, ಈ ಸೀನೇ ತೆಗೆದ್ಬುಡ್ತೀನಿ."

"ತೆಗೀಬ್ಯಾಡ" ಎಂದಳು ಬೆಟ್ಟಮ್ಮ.

ಮೂರನೆಯವರು ಒಬ್ಬರಿದ್ದರು! ಅಪ್ಪ ತನ್ನ ತಪ್ಪನ್ನು ಇನ್ನೊಬ್ಬರ ತಲೆಗೆ ಕಟ್ಟಲು ಮಗನ ಕೈಯಲ್ಲಿ ನಾಟಕ ಬರೆಸಿದ್ದಾನೆಂದು ಮೊದಲು ಅನ್ನಿಸಿತು. ಆಮೇಲೆ, ಹಾಗಿದ್ದರೆ ಹೆಸರು ಹೇಳುತ್ತಿದ್ದನಲ್ಲ ಎನ್ನಿಸಿತು. ಅಲ್ಲಿಂದಾಚೆಗೆ ರಾಗಿ ತಂದವರಿಗೆಲ್ಲ ವಿಚಾರಣೆ ಶುರುವಾಯಿತು. ಮಾದಯ್ಯ ಸತ್ತ ದಿನ ಎಲ್ಲಿದ್ದೆ? ನಿನ್ನ ಪಂಪ್‌ಸೆಟ್ಟು ಏರಿಯ ಹತ್ತಿರವೇ ಅಲ್ಲವೇ? ಟೀ ಅಂಗಡಿಯವನನ್ನು ಕೇಳಿದಳು, ಅವನು ಆಗ ಮದ್ದೂರಿನಲ್ಲಿದ್ದನಂತೆ, ಅದನ್ನೂ ನಂಬಲಿಲ್ಲ. ಜನ ಹಿಟ್ಟು ಕಟ್ಟಿಕೊಂಡು ಬೇಗ ಬೇಗ ಜಾಗ ಖಾಲಿ ಮಾಡತೊಡಗಿದರು. ಅಷ್ಟು ವರ್ಷ ಸುಮ್ಮನೆ ತನ್ನ ಕೈಯಲ್ಲೇ ರಾಗಿ ಬೀಸಿಸಿಕೊಂಡು ಹೋದ ಆ ಪಾಪಿ ಯಾರು ಎಂದು ಅವಳಿಗೆ ಊಟ ಸೇರದಂತಾಯಿತು.

ಅಡುಗೆಯವಳ ಪಾತ್ರ ದೀಪಿಕಳದ್ದು. ಇದ್ದದ್ದು ಒಂದೇ ಮಾತು, ಅದೂ ಸರಿಯಾಗಿ ಬರುತ್ತಿರಲಿಲ್ಲ. ಕಣ್ಣರಳಿಸಿ, ಎದೆಯ ಮೇಲೆ ಕೈಯಿಟ್ಟು, "ಇಲ್ಲಾ... ಕಣಯ್ಯೋ!" ಎಂದು ಎಳೆಯುತ್ತಿದ್ದಳು.

"ಅಂಗಲ್ಲ ಕಣವ್ವ" ಎಂದ ಸ್ವರೂಪ್. "ಅವ್ಳಿಗೇನೂ ಗೊತ್ತಿಲ್ಲ. ಕೆಳಗೊಬ್ಬ ಕೈ ಹಾಕ್ತಾವ್ನೆ ಅಂತ್ಲೂ ಗೊತ್ತಿಲ್ಲ. ಕೆಲಸ್ದಲ್ಲವ್ಳೆ, ಯಾರೋ ಕೇಳುದ್ರು, ಬಾಯಿಗ್ ಬಂದಂಗೆ ಅಂದ್ಳು, ಮರ್ತ್ಬುಟ್ಳು. ಅಷ್ಟೇಯ."

ಆಗಲೇ ಮಿಲ್ಲು ಗುಂಯ್ ಎಂದು ನಿಂತುಹೋಯಿತು. ಬೆಟ್ಟಮ್ಮ ಸ್ವಿಚ್ಚು ಆರಿಸಿ, ಟೆಸ್ಟರು ತಾಗಿಸಿ, ಬೆಲ್ಟಿಗೆ ಮೆತ್ತಿದ ಹಿಟ್ಟು ಕೆರೆಯಲು ಬಗ್ಗಿದಳು. ರಸ್ತೆಯಲ್ಲಿ ಹೋಗುತ್ತಿದ್ದ ಯಾರೋ ಕೂಗಿದರು.

"ಬೆಟ್ಟಮ್ಮೋ, ಕರೆಂಟ್ ಐತಾ?"

"ಇಲ್ಲ ಕಣಯ್ಯೋ" ಎಂದಳು, ತಿರುಗಿಯೂ ನೋಡದೆ.

"ಸಾರ್, ಅಜ್ಜಿ ಅಂದಂಗೆ ಅನ್ಬೇಕಾ?" ಎಂದು ದೀಪಿಕ ಕೇಳಿದಳು.

ಬೆಟ್ಟಮ್ಮನ ಕೈ ಬೆಲ್ಟಿನ ಮೇಲೆ ನಿಂತಿತು. ಏರಿಯ ಮೇಲೆ ನಿಂತು ಕೂಗಿದರೆ ಮೊದಲು ಕೇಳಿಸುವುದು ಈ ಮಿಲ್ಲಿಗೇ. ಅವತ್ತು ಫ್ಯೂಸು ಹೋಗಿ ಮಿಲ್ಲು ನಿಂತಿತ್ತು, ಕಂಕುಳಲ್ಲಿ ಕೂಸಿತ್ತು. ಗಂಡ ಗದ್ದೆಗೆ ಹೋಗಿದ್ದಾನೆ ಎಂದುಕೊಂಡಿದ್ದಳು. ಯಾರಾದರೂ ಕೇಳಿದ್ದರೇ? ದಿನಕ್ಕೆ ಹತ್ತು ಜನ ಕೇಳುತ್ತಾರೆ. ಅವರಲ್ಲಿ ಯಾರನ್ನು ನೆನಪಿಟ್ಟುಕೊಳ್ಳುವುದು? ಮಕ್ಕಳು ನೋಡುತ್ತಿದ್ದಂತೆಯೇ ಅವಳು ಸೆರಗಿಗೆ ಕೈಯೊರೆಸಿಕೊಂಡು ಹೊರಟುಬಿಟ್ಟಳು.

ಕೆಂಪಸಿದ್ದಯ್ಯ ಕೊಟ್ಟಿಗೆಯ ಮುಂದೆ ಕಬ್ಬಿನ ಸೋಗೆ ಕತ್ತರಿಸುತ್ತಿದ್ದ. ಅವಳನ್ನು ಕಂಡು ಎದ್ದುನಿಂತ.

"ಅವತ್ತು ನೀನು ಕೇಳಿದ್ದು ನನ್ನನ್ನೇನಾ?"

"ಅದೀಗ್ಯಾಕೆ ಅತ್ಗೆ?"

"ನನ್ನನ್ನೇನಾ ಅಂತ ಏಳು."

ಅವನು ಕುಡುಗೋಲನ್ನು ಕೆಳಗಿಟ್ಟ. "ನಿನ್ ಕಂಕುಳಲ್ಲಿ ಕೂಸಿತ್ತು. ಏಳಿದ್ರೆ ನೀನೂ ಅಣ್ಣನ್ ಇಂದೆ ಓಗ್ಬುಡ್ತಿದ್ದೆ. ನನ್ ಮ್ಯಾಲೆ ಕ್ವಾಪ ಇಟ್ಕೊಂಡಾದ್ರೂ ಬದುಕ್ಲಿ ಅಂತ ಸುಮ್ಕಾದೆ."

ಅವನ ಸೈಕಲ್ಲು, ಅದರ ಮೇಲಿನ ಚೀಲ, ಏರು ದಾರಿಯಲ್ಲಿ ಇಳಿದು ತಳ್ಳಿಕೊಂಡು ಹೋಗುತ್ತಿದ್ದ ಬೆನ್ನು, ಬಾಗಿಲಲ್ಲಿ ನಿಂತು ಅದನ್ನು ನೋಡುತ್ತಿದ್ದ ತಾನು, ಎಲ್ಲವೂ ಒಟ್ಟಿಗೆ ಬೆಟ್ಟಮ್ಮನ ಕಣ್ಣಿಗೆ ಬಂದವು. ಜಗಲಿಯ ಮೇಲೆ ರಾಗಿ ಚೀಲವೊಂದು ಕಟ್ಟಿಟ್ಟಿತ್ತು. ಅದನ್ನು ಎತ್ತಿ ತಲೆಯ ಮೇಲೆ ಇಟ್ಟುಕೊಂಡಳು.

"ಬುಡತ್ಗೆ, ಬಾರ ಐತೆ" ಎಂದು ಅವನು ಹಿಂದೆಯೇ ಬಂದ. ಅವಳು ಕೊಡಲಿಲ್ಲ.

ಮಿಲ್ಲಿನಲ್ಲಿ ಇನ್ನೂ ಕರೆಂಟು ಬಂದಿರಲಿಲ್ಲ. ಮಕ್ಕಳು ಮನೆಗೆ ಹೋಗಿದ್ದರು. ಬೆಳ್ಳಿ ಕಾಗದದ ಕಲ್ಲಿನ ಪಕ್ಕ ಇಬ್ಬರೂ ಕಾದು ಕೂತರು. ಸ್ವಲ್ಪ ಹೊತ್ತಿಗೆ ರಸ್ತೆಯಿಂದ ಮತ್ತೆ ಕೂಗು ಬಂತು.

"ಬೆಟ್ಟಮ್ಮೋ, ಕರೆಂಟ್ ಐತಾ?"

ಬೆಟ್ಟಮ್ಮ ಎದ್ದು ಹೊರಗೆ ಬಂದಳು. "ಯಾಕ್ಲಾ ಕೇಳ್ತಿದ್ದೀಯಾ? ಕಂಬದ್ ತಾವ ಯಾರವ್ರೆ?"

"ಯಾರೂ ಇಲ್ಲ ಕಣಮ್ಮ, ಮೊಬೈಲು ಚಾರ್ಜಿಗ್ ಆಕ್ಬೇಕಿತ್ತು."

ಅವಳು ನಂಬಲಿಲ್ಲ. ನಾಲೆ ಏರಿಯವರೆಗೆ ನಡೆದು ಹೋಗಿ, ಕಂಬವನ್ನು ಬುಡದಿಂದ ತುದಿಯ ತನಕ ನೋಡಿ, ಅಲ್ಲಿ ಯಾರೂ ಇಲ್ಲವೆಂದು ಖಾತ್ರಿಯಾದ ಮೇಲೆ ವಾಪಸ್ಸು ಬಂದು, ಅಷ್ಟು ಹೊತ್ತೂ ರಸ್ತೆಯಲ್ಲೇ ಬಾಯಿಬಿಟ್ಟುಕೊಂಡು ನಿಂತಿದ್ದವನಿಗೆ, "ಇಲ್ಲ ಕಣಯ್ಯೋ" ಎಂದಳು.