ಅಣ್ಣನಿಗೇ ಕೊಡು

ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ಹಲಸೂರಿನ ಒಂದು ಸಣ್ಣ ಫುಟ್‌ಬಾಲ್ ಕ್ಲಬ್ಬಿಗೆ ಬಲಗಡೆಯ ವಿಂಗ್‌ನಲ್ಲಿ ಆಡುತ್ತಿದ್ದೆ. ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರ ಓದುತ್ತಿದ್ದ ದಿನಗಳವು. ತರಗತಿ ತಪ್ಪಿಸಿದ್ದುಂಟು, ಪ್ರಾಕ್ಟೀಸ್ ತಪ್ಪಿಸಿದ ನೆನಪಿಲ್ಲ. ನೆನಪಿಲ್ಲ ಎಂದ ಮಾತ್ರಕ್ಕೆ ತಪ್ಪಿಸಲೇ ಇಲ್ಲ ಎಂದೂ ಹೇಳಲಾರೆ. ಆ ಒಂದು ಸೀಸನ್ನಿನ ಬಗ್ಗೆ ನನ್ನ ತಲೆಯಲ್ಲಿರುವುದರಲ್ಲಿ ಎಷ್ಟು ನಡೆದದ್ದು, ಎಷ್ಟು ಆಮೇಲೆ ನಾನೇ ಜೋಡಿಸಿಕೊಂಡದ್ದು ಎಂಬ ಲೆಕ್ಕ ನನಗೆ ಇನ್ನೂ ಸಿಕ್ಕಿಲ್ಲ.

ನಮ್ಮ ಕೋಚ್ ಸೈನ್ಯದಿಂದ ನಿವೃತ್ತರಾಗಿ ಬಂದವರು. ಎಲ್ಲರಿಗೂ ಅವರು ಮಾಸ್ಟರ್. ರಕ್ಷಣೆಯ ಆಟವನ್ನು ಅವರು ಗೋಡೆ ಕಟ್ಟುವವರ ಹಾಗೆ ಕಲಿಸುತ್ತಿದ್ದರು. ಗೋಲು ಹೊಡೆಯುವ ವಿಷಯಕ್ಕೆ ಬಂದರೆ ಅವರ ಪಾಠ ಎರಡೇ ಪದದ್ದು: "ಅಣ್ಣನಿಗೇ ಕೊಡು."

ಅಣ್ಣ ನಮ್ಮ ಫಾರ್ವರ್ಡ್. ಗರುಡಾಚಾರ್‌ಪಾಳ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ಲೇತ್ ಯಂತ್ರ ನಡೆಸುತ್ತಿದ್ದ. ಅದು ಟೆಂಪರರಿ ಕೆಲಸ. ಆರ್ಡರ್ ಇಲ್ಲದ ವಾರ ಮನೆಗೆ ಕಳಿಸಿಬಿಡುತ್ತಿದ್ದರು. ಮನೆಯಲ್ಲಿ ಹೆಂಡತಿ, ಒಂದು ಹೆಣ್ಣು ಮಗು. ನಾವೆಲ್ಲ ಚಡ್ಡಿ ಹಾಕುತ್ತಿದ್ದ ಕಾಲದಿಂದ ಅವನ ಆಟ ನೋಡಿದವರು. ಹಾಗಾಗಿ ಪೆನಾಲ್ಟಿ ಬಾಕ್ಸಿನ ಹತ್ತಿರ ಅವನು ಕಂಡರೆ ಸಾಕು, ಬೇರೆ ಯಾರು ಖಾಲಿ ನಿಂತಿದ್ದರೂ ಚೆಂಡು ಅವನ ಕಾಲಿಗೇ ಹೋಗುತ್ತಿತ್ತು. ಹಿರಿಯರಿರುವಾಗ ಮೊದಲು ತಟ್ಟೆಗೆ ಕೈ ಹಾಕಬಾರದು ಎನ್ನುವಂಥ ಮರ್ಯಾದೆ ಅದು. ಪಟ್ಟಣದ ಪೂರ್ವದಲ್ಲಿದ್ದ ಒಂದು ಸರ್ಕಾರಿ ಕಾರ್ಖಾನೆಯ ತಂಡಕ್ಕೆ ಆಯ್ಕೆಯಾದರೆ ಕಾಯಂ ಕೆಲಸ ಸಿಗುತ್ತಿತ್ತು. ಅದಕ್ಕಿದ್ದ ವಯಸ್ಸಿನ ಮಿತಿ ಅಣ್ಣನಿಗೆ ಆ ವರ್ಷವೇ ಮುಗಿಯುವುದರಲ್ಲಿತ್ತು.

ತೊಂದರೆಯೆಂದರೆ ಅವನ ವೇಗ ಇಳಿದಿತ್ತು. ಎದುರಾಳಿಗಳಿಗೂ ನಮ್ಮ ಎರಡು ಪದದ ಪಾಠ ಬಾಯಿಪಾಠವಾಗಿತ್ತು. ಸೀಸನ್ ಶುರುವಾಗುವ ಮುಂಚೆ ನಮ್ಮ ಸೆಕ್ರೆಟರಿ ಶಿವಾಜಿನಗರದಿಂದ ಒಬ್ಬರನ್ನು ಕರೆತಂದರು. ಅಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದವರು, ತಮ್ಮ ಕಾಲದಲ್ಲಿ ಒಳ್ಳೆಯ ಆಟಗಾರರಂತೆ. ಅವರನ್ನು ನಾವು ಭಾಯ್ ಎನ್ನುತ್ತಿದ್ದೆವು. ಅವರ ಕೆಲಸ ಮುಂದಿನ ಆಟ ಮಾತ್ರ. ಒಂದು ತಂಡಕ್ಕೆ ಇಬ್ಬರು ಕೋಚ್ ಎಂಬುದನ್ನು ನಮ್ಮ ಕಡೆ ಯಾರೂ ಕೇಳಿರಲಿಲ್ಲ. ಮಾಸ್ಟರ್ ಮುನಿಸಿಕೊಳ್ಳುತ್ತಾರೆ ಎಂದುಕೊಂಡೆವು. ಅವರು ಭಾಯ್ ಕೈ ಹಿಡಿದುಕೊಂಡು ನಮ್ಮೆದುರೇ ಹೇಳಿದರು:

"ಹಾಫ್ ಲೈನ್ ಹಿಂದೆ ನಂದು. ಮುಂದೆ ನಿಮ್ದು. ನಾನು ನಿಮ್ ಕೆಲ್ಸದಲ್ಲಿ ಬಾಯಿ ಹಾಕಲ್ಲ, ನೀವೂ ಹಾಕ್ಬೇಡಿ."

"ಪಕ್ಕಾ, ಮಾಸ್ಟರ್ ಸಾಬ್," ಎಂದರು ಭಾಯ್.

ಇಬ್ಬರೂ ಮಾತಿಗೆ ತಪ್ಪುವವರಲ್ಲ. ಅಷ್ಟು ಕಟ್ಟುನಿಟ್ಟಾಗಿ ನಡೆದುಕೊಳ್ಳದೆ ಇದ್ದಿದ್ದರೆ ಚೆನ್ನಾಗಿತ್ತು ಎಂದು ಈಗ ಅನ್ನಿಸುತ್ತದೆ.

ಭಾಯ್ ಮಾಡಿದ ಮೊದಲ ಕೆಲಸ ಅಣ್ಣನಿಂದ ಚೆಂಡು ಬಿಡಿಸಿದ್ದು.

"ನೀವು ಆ ಮೂಲೆಗೆ ಓಡಿ. ನಿಮ್ ಹೆಸರು ದೊಡ್ಡದು, ಇಬ್ರು ಹಿಂದೇನೇ ಬರ್ತಾರೆ. ಅವಾಗ ನಡೂಲಿ ಜಾಗ ಖಾಲಿ."

"ಬಾಲು?"

"ಬಾಲ್ ಬರಲ್ಲ."

ನಮ್ಮ ಗೋಲ್‌ಕೀಪರ್ ಬಾಯಿ ಕಟ್ಟಿಕೊಳ್ಳುವವನಲ್ಲ. "ಅಣ್ಣಾ, ಮದ್ವೆ ಮನೇಲಿ ಎಲೆ ಹಾಕೋ ಡ್ಯೂಟಿ ನಿಮ್ಗೆ. ಊಟ ಬೇರೆಯವ್ರದ್ದು," ಎಂದ. ಎಲ್ಲರೂ ನಕ್ಕರು. ಅಣ್ಣನೂ ನಕ್ಕ, ಆದರೆ ಸ್ವಲ್ಪ ತಡವಾಗಿ.

ಮೊದಲ ಕೆಲವು ಪಂದ್ಯಗಳಲ್ಲಿ ಸೋತೆವು. ಅಭ್ಯಾಸಬಲ ಎಂಥದೆಂದರೆ, ಅಣ್ಣ ಮೂಲೆಗೆ ಓಡಿದರೆ ಚೆಂಡೂ ಅವನ ಹಿಂದೆಯೇ ಮೂಲೆಗೆ ಹೋಗುತ್ತಿತ್ತು. ಭಾಯ್ ಗೆರೆಯಾಚೆ ನಿಂತು ಹಣೆ ಚಚ್ಚಿಕೊಳ್ಳುತ್ತಿದ್ದರು. "ಅರೆ ಮಿಯಾ, ಅವ್ರಿಗೆ ಯಾಕೆ ಕೊಟ್ಟೆ? ಅವ್ರ ಸುತ್ತ ಜಾತ್ರೆ ಸೇರೈತೆ." ಆಮೇಲೆ ಒಂದು ದಿನ, ಯಾಕೆ ಎಂದು ವಿವರಿಸಲಾರೆ, ಅದು ಕೂಡಿಬಂತು. ಅಣ್ಣ ಎಡಕ್ಕೆ ಓಡಿದ, ಎದುರು ತಂಡದ ಇಬ್ಬರು ಬ್ಯಾಕ್‌ಗಳು ಅವನ ಹಿಂದೆ ಹೋದರು, ನನ್ನ ಮುಂದೆ ಗೋಲಿನವರೆಗೆ ಖಾಲಿ ಮಣ್ಣು. ಆ ಗೋಲು ನಾನು ಹೊಡೆದದ್ದು ಎಂದು ನನ್ನ ನೆನಪು. ಗೋಲ್‌ಕೀಪರ್‌ನನ್ನು ಕೇಳಿದರೆ ಬೇರೆ ಹೆಸರು ಹೇಳುತ್ತಾನೆ. ಅಣ್ಣ ಎಡಕ್ಕೆ ಓಡಿದ್ದ ಎಂಬುದರಲ್ಲಿ ಮಾತ್ರ ನಮ್ಮಿಬ್ಬರಿಗೂ ಅನುಮಾನವಿಲ್ಲ.

ಅಲ್ಲಿಂದ ಗೆಲ್ಲುತ್ತಾ ಹೋದೆವು. ಕ್ರಮೇಣ ಅಣ್ಣನಿಗೆ ಆ ಓಟದಲ್ಲೇ ರುಚಿ ಹತ್ತಿತು. ಯಾವ ಬ್ಯಾಕ್ ಯಾವಾಗ ತಿರುಗುತ್ತಾನೆ, ಯಾರನ್ನು ಎಷ್ಟು ದೂರ ಎಳೆಯಬಹುದು ಎಂದು ಪಂದ್ಯ ಮುಗಿದ ಮೇಲೆ ಭಾಯ್ ಜೊತೆ ನೆಲದ ಮೇಲೆ ಗೆರೆ ಎಳೆದು ಮಾತಾಡುತ್ತಿದ್ದ. ನಾವು ಅದನ್ನು ನೋಡುತ್ತಿದ್ದೆವು, ಆದರೆ ಅದನ್ನು ಅವನ ಒಳ್ಳೆಯತನ ಎಂದುಕೊಂಡೆವು. ನಮಗೆ ಕಾಣುತ್ತಿದ್ದದ್ದು ಒಂದೇ: ತಂಡ ಗೋಲು ಹೊಡೆಯುತ್ತಿದೆ, ಅಣ್ಣನ ಹೆಸರಿನಲ್ಲಿ ಒಂದೂ ಇಲ್ಲ. ಗೋಲಿಲ್ಲದ ಫಾರ್ವರ್ಡಿಗೆ ಯಾವ ಕಾರ್ಖಾನೆ ಕೆಲಸ ಕೊಡುತ್ತದೆ?

ಅಷ್ಟರಲ್ಲಿ ಸೆಕ್ರೆಟರಿ ಒಂದು ಸುದ್ದಿ ತಂದರು. ಮುಂದಿನ ಪಂದ್ಯಕ್ಕೆ ಆ ಸರ್ಕಾರಿ ಕಾರ್ಖಾನೆ ತಂಡದ ಸೆಲೆಕ್ಟರ್ ಬರುತ್ತಾರೆ, ಅಣ್ಣನಿಗೆ ಹೇಳಬೇಡಿ, ಗಾಬರಿ ಬೀಳುತ್ತಾನೆ ಎಂದರು. ಹಲಸೂರು ಮಾರ್ಕೆಟ್ಟಿನ ಟೀ ಅಂಗಡಿಯಲ್ಲಿ ನಾವೆಲ್ಲ ಸೇರಿದೆವು. ಅಣ್ಣ ಇರಲಿಲ್ಲ, ಕೋಚ್‌ಗಳೂ ಇರಲಿಲ್ಲ.

"ಒಂದೇ ಒಂದು ಮ್ಯಾಚು ಮಗಾ," ಎಂದ ಗೋಲ್‌ಕೀಪರ್. "ಹಳೇ ಥರ ಆಡೋಣ. ಎಲ್ಲಾ ಬಾಲೂ ಅಣ್ಣಂಗೆ. ಎರಡಾದ್ರೂ ಹೊಡೀತಾರೆ."

"ಭಾಯ್ ಬಯ್ಯಲ್ವಾ?"

"ಬಯ್ಲಿ ಬಿಡು ಗುರು. ಅವ್ರಿಗೇನು, ಅಂಗಡಿ ಐತೆ."

ಯಾರೂ ಬೇಡ ಎನ್ನಲಿಲ್ಲ. ನಾನು ಏನೋ ಆಕ್ಷೇಪ ತೆಗೆದೆ ಎಂದು ಬಹಳ ವರ್ಷ ನಂಬಿದ್ದೆ. ಆದರೆ ಆ ಆಕ್ಷೇಪದ ಒಂದು ಪದವೂ ನೆನಪಿಗೆ ಬರುವುದಿಲ್ಲವಾದ್ದರಿಂದ ಈಗ ಆ ನಂಬಿಕೆಯನ್ನು ಕೈಬಿಟ್ಟಿದ್ದೇನೆ.

ಪಂದ್ಯ ಶುರುವಾಯಿತು. ಅಣ್ಣ ಕಲಿತ ಹಾಗೆ ಮೂಲೆಗೆ ಓಡಿದ. ಚೆಂಡು ಅವನ ಹಿಂದೆ ಹೋಯಿತು. ಅವನು ಅಚ್ಚರಿಯಿಂದ ತಿರುಗಿ ನೋಡಿದ, ಮೂವರು ಅವನ ಮೇಲೆ ಬಿದ್ದರು. ಮತ್ತೆ ಓಡಿದ, ಮತ್ತೆ ಹಾಗೇ. ಭಾಯ್ ಮೊದಲು ಎರಡು ಸಲ ಕೂಗಿದರು. ಆಮೇಲೆ ಬೆಂಚಿನ ಮೇಲೆ ಕೂತು ಸುಮ್ಮನಾದರು. ಮಾಸ್ಟರ್ ಕೂಡ ಕೈಕಟ್ಟಿ ನಿಂತೇ ಇದ್ದರು. ಹಾಫ್ ಟೈಮಿನಲ್ಲಿ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ನೀರು ಕೊಟ್ಟರು, ಮಾತಿಲ್ಲ. ಎರಡನೆಯ ಅರ್ಧದಲ್ಲಿ ಅಣ್ಣ ಓಡುವುದನ್ನೇ ನಿಲ್ಲಿಸಿ, ಹಳೆಯ ಜಾಗದಲ್ಲಿ ನಿಂತು, ಬಂದ ಚೆಂಡಿಗೆಲ್ಲ ಒದ್ದ. ಒಂದೂ ಒಳಗೆ ಹೋಗಲಿಲ್ಲ. ಸೋತೆವು. ಮೈದಾನದಾಚೆ ಸ್ಕೂಟರಿನ ಪಕ್ಕ ನಿಂತಿದ್ದ ಸೆಲೆಕ್ಟರ್, ಬಿಳಿ ಅಂಗಿಯವರು, ಮುಗಿಯುವ ಮೊದಲೇ ಹೊರಟುಹೋದರು.

ನಡೆದದ್ದೇನು ಎಂಬುದು ಮಾರನೆಯ ದಿನ ಬಿಚ್ಚಿಕೊಂಡಿತು. ಮಾಸ್ಟರ್ ತಮ್ಮ ಹಳೆಯ ಆಟವನ್ನೇ ಆಡಲು ಹೇಳಿದ್ದಾರೆ ಎಂದು ಭಾಯ್ ಅಂದುಕೊಂಡಿದ್ದರು. ಹಿರಿಯರ ಎದುರು ಮೈದಾನದಲ್ಲಿ ಜಗಳವಾಡುವುದು ಬೇಡವೆಂದು ಸುಮ್ಮನಿದ್ದರು. ಇದು ಭಾಯ್ ಹೂಡಿದ ಹೊಸ ಉಪಾಯ ಎಂದು ಮಾಸ್ಟರ್ ಅಂದುಕೊಂಡಿದ್ದರು. ಕೊಟ್ಟ ಮಾತಿನಂತೆ ಅವರೂ ಬಾಯಿ ಹಾಕಲಿಲ್ಲ. ನಾವು ಟೀ ಅಂಗಡಿಯ ವಿಷಯ ಹೇಳಿದಾಗ ಭಾಯ್ ಬಯ್ಯಲಿಲ್ಲ. "ಆ ಸೆಲೆಕ್ಟರ್‌ನ ನಾನೇ ಕರೆಸಿದ್ದು," ಎಂದರು. "ಗೋಲ್ ಹೊಡೆಯೋರು ಅವ್ರ ಹತ್ರ ಇದ್ದಾರೆ. ಬಾಲ್ ಇಲ್ದೆ ಆಡೋನು ಒಬ್ಬ ಇದ್ದಾನೆ, ಬಂದು ನೋಡಿ ಅಂತ ಹೇಳಿದ್ದೆ."

ಇದು ನಿಜವೇ ಎಂದು ನಾನು ಆಗಾಗ ಕೇಳಿಕೊಂಡಿದ್ದೇನೆ. ಸೋತ ಕೋಚ್ ತನ್ನ ಪದ್ಧತಿಯನ್ನು ಸಮರ್ಥಿಸಿಕೊಳ್ಳಲು ಆಡಿದ ಮಾತೂ ಆಗಿರಬಹುದು. ಸರಿಯಾಗಿ ಆಡಿದ್ದರೂ ಸೆಲೆಕ್ಟರ್ ಬೇರೆ ಯಾರನ್ನೋ ಆರಿಸುತ್ತಿದ್ದರೇನೋ. ಸಾಬೀತು ಮಾಡಲು ನನ್ನ ಬಳಿ ಏನೂ ಇಲ್ಲ. ಆದರೆ ಅನುಮಾನ ಪಡುವುದರಿಂದ ಅದರ ಭಾರ ಕಡಿಮೆಯಾಗಿಲ್ಲ.

ಉಳಿದ ಪಂದ್ಯಗಳಲ್ಲಿ ಭಾಯ್ ಹೇಳಿದಂತೆ ಆಡಿದೆವು, ಹೆಚ್ಚಿನವನ್ನು ಗೆದ್ದೆವು. ಅಣ್ಣ ಎಲ್ಲದರಲ್ಲೂ ಓಡಿದ. ಬಿಳಿ ಅಂಗಿಯವರು ಮತ್ತೆ ಬರಲಿಲ್ಲ. ಸೀಸನ್ ಮುಗಿದ ಮೇಲೆ ಒಂದು ಸಂಜೆ ಕೆರೆಯ ಕಡೆಯಿಂದ ಇಬ್ಬರೇ ನಡೆದು ಬರುತ್ತಿದ್ದಾಗ ನಾನೇ ಟೀ ಅಂಗಡಿಯ ಮಾತು ಎತ್ತಿದೆ.

"ಗೊತ್ತು ಬಿಡೋ," ಎಂದ ಅಣ್ಣ. "ಹಳೇ ಥರ ಆಡಿ ಅಂತ ಮಾಸ್ಟರ್ ಹೇಳಿರ್ಬೇಕು, ನಾನೇ ಸರಿಯಾಗಿ ಕೇಳಿಸ್ಕೊಂಡಿಲ್ಲ ಅಂದ್ಕೊಂಡೆ ಅವತ್ತು."

"ನಿಮಗೋಸ್ಕರನೇ ಅಣ್ಣ ಮಾಡಿದ್ದು."

"ಅದೂ ಗೊತ್ತು." ಗರುಡಾಚಾರ್‌ಪಾಳ್ಯದ ಬಸ್ಸು ಬರುತ್ತಿದೆಯೇ ಎಂದು ರಸ್ತೆ ನೋಡಿದ. "ನನ್ನನ್ನೊಂದ್ಸಲ ಕೇಳ್ಬೋದಿತ್ತು."

ಬಸ್ಸು ಬಂತು. ಅವನಿಗೆ ಆ ವಾರ ರಾತ್ರಿ ಪಾಳಿ.