ಎಂಬತ್ತೇಳನೇ ಸಾಲಿನ ತಪ್ಪು

ಬೆಳಗಿನ ಐದೂವರೆ. ಎಚ್.ಡಿ. ಕೋಟೆ ಕಡೆಯ ಈ ಕಾಡಂಚಿನ ಹಳ್ಳಿಯ ಡೈರಿ ಮುಂದೆ ಹಾಲಿನ ಕ್ಯಾನು ಹಿಡಿದವರ ಸಾಲು ಆಗಲೇ ಬೇಲಿ ಮುಟ್ಟಿದೆ. ಒಳಗೆ ಪ್ರಮೀಳಾ ಕಂಪ್ಯೂಟರಿನಲ್ಲಿ ಸದಸ್ಯರ ನಂಬರ್ ಒತ್ತುತ್ತಾರೆ, ಮಿಷನ್ನಿಗೆ ಸ್ಯಾಂಪಲ್ ಇಡುತ್ತಾರೆ. ಏಳರೊಳಗೆ ನೂರಾ ನಲವತ್ತು ಮನೆಯ ಹಾಲು ನೋಡಿ ಮುಗಿಸಬೇಕು. ಮಾತಾಡಿಸಿದರೆ ಕೈ ನಿಲ್ಲದು, ಸಿಟ್ಟೂ ನಿಲ್ಲದು.

"ಹನ್ನೊಂದು ದಿನ ಕಣ್ರೀ! ಒಳ್ಳೆ ಹಾಲ್ನ ಇದೇ ಕೈಲಿ ವಾಪಸ್ ಕೊಟ್ಟಿವ್ನಿ."

ಆ ಹಾಲು ಆದಿವಾಸಿಗಳ ಹಾಡಿಯ ಸಿದ್ದಿ ಅವರದು. ಕಂಪ್ಯೂಟರಿಗೆ ಹೊಸ ಪ್ರೋಗ್ರಾಂ ಬಂದ ದಿನದಿಂದ ಅವರ ನಂಬರ್ ಒತ್ತಿದರೆ ಪರದೆಯ ಮೇಲೆ ಒಂದೇ ಮಾತು: 'ಹಾಲು ಸರಿಯಿಲ್ಲ.' ಸಾಲಿನವರು ಬಿಡುತ್ತಾರೆಯೇ? "ಏನ್ ಸಿದ್ದಿ, ಇವತ್ತು ಬೋರ್‌ವೆಲ್ ನೀರೋ, ಹೊಳೆ ನೀರೋ?" ಸಿದ್ದಿ ತುಂಬಿದ ಕ್ಯಾನು ಹೊತ್ತು ಎರಡು ಮೈಲಿ ಹಿಂದಿರುಗುತ್ತಿದ್ದರು.

ಹನ್ನೆರಡನೇ ದಿನ ಪ್ರಮೀಳಾ ಅದೇ ಹಾಲನ್ನು ತಮ್ಮ ನಂಬರಿನಲ್ಲಿ ಇಟ್ಟು ನೋಡಿದರು. ಫ್ಯಾಟ್ ನಾಲ್ಕೂಕಾಲು. ಪಾಸು!

ಮಿರ್ಲೆಯಲ್ಲಿ ಹುಟ್ಟಿದ ಪ್ರಮೀಳಾ ಪಿಯುಸಿಗೆ ಓದು ನಿಲ್ಲಿಸಿ ಈ ಊರಿಗೆ ಸೊಸೆಯಾಗಿ ಬಂದವರು. ಪ್ರೋಗ್ರಾಂ ಬರೆಯುವ ಪೈಥಾನ್ ಭಾಷೆ ಕಲಿತದ್ದು ಒಲೆ ಮುಂದೆ, ಫೋನಿನ ವಿಡಿಯೋ ನೋಡಿಕೊಂಡು. ಅಂದು ಪ್ರೋಗ್ರಾಂ ತೆರೆದು ಸಾಲು ಸಾಲಾಗಿ ಓದಿದರು. ಹೆಸರಿನ ಜೊತೆ ಇನಿಷಿಯಲ್ ಇಲ್ಲದಿದ್ದರೆ ಅದು ಎಂಬತ್ತೇಳನೇ ಸಾಲಿನಲ್ಲಿ ಎಡವುತ್ತದೆ. ಹಾಡಿಯ ಸಿದ್ದಿಗೆ ಇನಿಷಿಯಲ್ ಎಲ್ಲಿಯದು? ಸಿದ್ದಿ ಅಂದರೆ ಸಿದ್ದಿ, ಅಷ್ಟೇ. ಪ್ರೋಗ್ರಾಂ ಬರೆದ ಮಹಾನುಭಾವನೋ, ಒಳಗೆ ಯಾವ ಎರರ್ ಬಂದರೂ ಅದರ ವಿವರ ನುಂಗಿ ಅದೊಂದೇ ವಾಕ್ಯ ತೋರಿಸುವಂತೆ ಮಾಡಿಟ್ಟಿದ್ದಾನೆ. ಹಾಲನ್ನು ಮಿಷನ್ ಮುಟ್ಟಿಯೇ ಇರಲಿಲ್ಲ!

"ತಾನು ಎಡವ್ಬುಟ್ಟು ಅವ್ಳ ಹಾಲಿನ್ ಮೇಲೆ ಹಾಕ್ತದಲ್ಲ, ಇದ್ಯಾವ ನ್ಯಾಯ?"

ಪ್ರಮೀಳಾ ಆ ವಾಕ್ಯವನ್ನು ಕಿತ್ತುಹಾಕಿ, ನಡೆದದ್ದನ್ನು ನಡೆದಂತೆ ತೋರಿಸುವಂತೆ ಬರೆದರು. ಮತ್ತೆ ಸಿದ್ದಿಯ ನಂಬರ್ ಒತ್ತಿದಾಗ ಪರದೆ ಬಾಯಿಬಿಟ್ಟಿತು: 'ಎರರ್: ಇನಿಷಿಯಲ್ ಖಾಲಿ. ಸಾಲು 87. ಹಾಲು ಪರೀಕ್ಷೆ ಆಗಿಲ್ಲ.' ಅದನ್ನು ಪ್ರಿಂಟ್ ತೆಗೆದು ಗೋಡೆಗೆ ಅಂಟಿಸಿದರು. ಆಮೇಲೆಯೇ ಎಂಬತ್ತೇಳನೇ ಸಾಲು ಸರಿಮಾಡಿದ್ದು.

ಕಾರ್ಯದರ್ಶಿ ದೇವರಾಜು ಆ ಚೀಟಿಯನ್ನು ಎರಡು ಸಲ ಹರಿದಿದ್ದಾರೆ. "ಒಳಗಿನ್ ವಿಷ್ಯ ಜನಕ್ಯಾಕಮ್ಮ? ಡೈರಿ ಮರ್ವಾದೆ ಹೋಯ್ತದೆ."

"ಸಿದ್ದಿ ಮರ್ವಾದೆ ಹೋದಾಗ ಎಲ್ಲೋಗಿದ್ರಿ ಸಾ?"

ಇಂದು ಗೋಡೆಯ ಮೇಲೆ ಮೂರನೇ ಚೀಟಿ. ಸಿದ್ದಿಯ ಹಾಲು ದಿನಾ ಪಾಸಾಗುತ್ತಿದೆ. ಆದರೆ ನೀರು ಬೆರೆಸಿದವಳೆಂಬ ಮಾತನ್ನು ಯಾರೂ ವಾಪಸ್ ತೆಗೆದುಕೊಂಡಿಲ್ಲ. ಮುಂದಿನ ಸರ್ವಸದಸ್ಯರ ಸಭೆಯಲ್ಲಿ ಐದು ನಿಮಿಷ ಮೈಕ್ ಸಿಕ್ಕರೆ ಸಾಕು ಎನ್ನುತ್ತಾರೆ ಪ್ರಮೀಳಾ.

"ಆ ಚೀಟಿನ ಎಲ್ರ ಮುಂದೆ ಓದ್ತೀನಿ. ತಪ್ಪು ಅಂದ್ಮೇಲೆ ಪೂರ್ತಿ ತೋರಿಸ್ಬೇಕಲ್ವ? ಹನ್ನೊಂದು ದಿನ ಕೇಳ್ದೆ ನೋಡ್ದೆ ವಾಪಸ್ ಕೊಟ್ಟೋಳು ಪ್ರಮೀಳಾ ಅಂತ್ಲೂ ಸೇರ್ಸೇ ಓದ್ತೀನಿ."